ಪ್ರೊಬೇಷನ್ ಅಧಿಕಾರಿಗಳ ತರಬೇತಿಗೆ ಹಣ ಬೇಕು

ನಾನು ನಿವೃತ್ತ ಪ್ರೊಬೇಷನ್ ಅಧಿಕಾರಿ; ನ್ಯಾಯಾಲಯ ಸೆರೆಮನೆಗೆ ಕಳಿಸದೆ ಷರತ್ತಿನ ಮೇಲೆ ಬಿಟ್ಟವರನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಕೆಲಸಕ್ಕೆ ಸೇರಿದಾಗ ನ್ಯಾಯಾಲಯಕ್ಕೆ ವರದಿ ಬರೆಯುವುದನ್ನು ಹಿರಿಯರೊಬ್ಬರು ಹೇಳಿಕೊಟ್ಟರು. ಬೈಕ್ ಕದ್ದು ಸಿಕ್ಕಿಬಿದ್ದ ಹುಡುಗ ಎದುರಿಗೆ ತಲೆ ತಗ್ಗಿಸಿ ಕೂತಾಗ ಅವನೊಡನೆ ಏನು ಮಾತಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ನಮ್ಮ ಕೈಲಿದ್ದದ್ದು ಬುದ್ಧಿವಾದ ಮಾತ್ರ. "ಆಯ್ತು ಮೇಡಂ" ಎಂದು ಹುಡುಗರು ಸಹಿ ಹಾಕಿ ಹೋಗುತ್ತಿದ್ದರು. ಸಂಜೆಗೆ ಮತ್ತೆ ಅದೇ ಗೆಳೆಯರು, ಅದೇ ಕಟ್ಟೆ.

1958ರ ಪ್ರೊಬೇಷನ್ ಕಾಯ್ದೆಯ 14ನೇ ಕಲಂ ನಮಗೆ ಒಪ್ಪಿಸಿರುವುದು ಬರೀ ಹಾಜರಿ ಹಾಕುವ ಕೆಲಸವಲ್ಲ. ಮೇಲ್ವಿಚಾರಣೆಯ ಜೊತೆಗೆ ಉದ್ಯೋಗ ಹುಡುಕಿಕೊಡಲು ಯತ್ನಿಸುವುದೂ ಅದರಲ್ಲಿದೆ. ಇಷ್ಟು ದೊಡ್ಡ ಹೊಣೆಗೆ ತಕ್ಕ ಕೌಶಲವನ್ನೂ ಕಲಿಸಬೇಡವೇ?

ಕೆನಡಾದಲ್ಲಿ ಸಂಶೋಧಕ ಜೇಮ್ಸ್ ಬಾಂಟಾ ಮತ್ತು ಸಂಗಡಿಗರು ಇಂಥ ಕೌಶಲ ಕಲಿಸಿದರೆ ಏನಾಗುತ್ತದೆಂದು ಪರೀಕ್ಷಿಸಿದರು. ಕೆಲವು ಅಧಿಕಾರಿಗಳಿಗೆ ಮೂರು ದಿನಗಳ ತರಬೇತಿ ಕೊಟ್ಟು, ಆಮೇಲೂ ಕಲಿಕೆ ಮುಂದುವರಿಸಿದರು. "ಕದಿಯುವ ಮುಂಚೆ ನಿನ್ನ ತಲೆಯಲ್ಲಿ ಏನು ಓಡುತ್ತಿತ್ತು?" ಎಂಬಂಥ ಪ್ರಶ್ನೆಯಿಂದ ಯೋಚನೆಗೂ ನಡತೆಗೂ ಇರುವ ನಂಟನ್ನು ಕಾಣಿಸುವ ರೀತಿ ಅದು. ಅಧಿಕಾರಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಪರಿಶೀಲಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ: ಎರಡು ವರ್ಷಗಳಲ್ಲಿ ಮತ್ತೆ ಅಪರಾಧಕ್ಕೆ ಇಳಿದವರು ತರಬೇತಿ ಪಡೆದವರ ಬಳಿ ಶೇ 25ರಷ್ಟು, ಉಳಿದವರ ಬಳಿ ಶೇ 40ರಷ್ಟು. ಸಣ್ಣ ಅಧ್ಯಯನ, ನಿಜ. ಆದರೂ ಆ ಅಂತರ ನನ್ನನ್ನು ಇಂದಿಗೂ ಕಾಡುತ್ತದೆ.

ಸೆರೆಮನೆಯ ಹೊಸ ಗೋಡೆಗೆ ಹಣ ಸಿಗುತ್ತದೆ. ರಾಜ್ಯ ಬಜೆಟ್ಟಿನಲ್ಲಿ ಈ ತರಬೇತಿಗೆಂದೇ ಪ್ರತ್ಯೇಕ ಶೀರ್ಷಿಕೆ ಇರಲಿ. ಒಂದು ದಿನದ ಕಾರ್ಯಾಗಾರ, ಊಟ, ಗ್ರೂಪ್ ಫೋಟೊ ಸಾಲದು. ತಿಂಗಳಿಗೊಮ್ಮೆ ಅನುಭವಿ ಆಪ್ತಸಮಾಲೋಚಕರ ಜೊತೆ ಕೂತು ತಮ್ಮ ಪ್ರಕರಣಗಳನ್ನು ಚರ್ಚಿಸುವ ಅವಕಾಶ ತಾಲ್ಲೂಕು ಸುತ್ತುವ ಅಧಿಕಾರಿಗೂ ಸಿಗಬೇಕು.