ಹಿತ್ತಲ ತುಂಬ ಬಸವನ ಹುಳು

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ಹಿತ್ತಲುಗಳಲ್ಲಿ ಒಂದೇ ಕೂಗು. ನಿನ್ನೆ ಸಂಜೆ ನೆಟ್ಟ ಬದನೆಯ ಸಸಿ ಬೆಳಗಾಗೆದ್ದು ನೋಡಿದರೆ ಬರೀ ದಂಟು. ಚೆಂಡು ಹೂವಿನ ಮಡಿ ಬೋಳು. ಗೋಡೆಯ ಮೇಲೆ, ಬಚ್ಚಲ ಕಲ್ಲಿನ ಮೇಲೆ, ತುಳಸಿಕಟ್ಟೆಯ ಮೇಲೆ ಬೆಳ್ಳಿಯ ಎಳೆಯಂಥ ಗೆರೆ. ಆ ಗೆರೆ ಹಿಡಿದು ಹೋದರೆ ಮುಷ್ಟಿಗಾತ್ರದ ಬಸವನ ಹುಳು! ಒಂದಲ್ಲ, ಎರಡಲ್ಲ, ಬುಟ್ಟಿ ತುಂಬುವಷ್ಟು.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಿಂದ ಬರುವ ಪ್ರಶ್ನೆಗಳು ಮುಖ್ಯವಾಗಿ ಎರಡು. ನಿನ್ನೀತನಕ ಒಂದೂ ಇರಲಿಲ್ಲ, ರಾತ್ರೋರಾತ್ರಿ ಇಷ್ಟೆಲ್ಲ ಎಲ್ಲಿಂದ ಬಂದವು, ಎನ್ನುವುದು ಒಂದು. ಎರಡನೆಯದು ಕಷ್ಟದ ಪ್ರಶ್ನೆ. ಉಪ್ಪು ಹಾಕಿದ್ರ ಸಾಯ್ತಾವಂತ ಎಲ್ಲಾರೂ ಹೇಳ್ತಾರ, ಆದರ ಮನ್ಯಾಗ ಅತ್ತಿಯವರು ಚಾತುರ್ಮಾಸ ಹಿಡಿದಾರ, ಇರಿವಿ ಸೈತ ಕೊಲ್ಲಂಗಿಲ್ಲ, ಏನ್ ಮಾಡೋದ್ರೀ?

ಮೊದಲನೆಯದಕ್ಕೆ ಉತ್ತರ ಸುಲಭ. ಅವು ರಾತ್ರೋರಾತ್ರಿ ಬಂದವಲ್ಲ, ಅಲ್ಲೇ ಇದ್ದವು. ಬೇಸಿಗೆ ಬಂದಾಗ ಈ ಹುಳು ಮಣ್ಣಿನೊಳಗೆ, ಇಟ್ಟಿಗೆಯ ಸಂದಿಯಲ್ಲಿ, ಕಟ್ಟಿಗೆಯ ರಾಶಿಯ ಕೆಳಗೆ ಸೇರಿ, ಚಿಪ್ಪಿನ ಬಾಯಿಗೆ ಒಂದು ತೆಳು ಪೊರೆ ಹಾಕಿಕೊಂಡು ಮಲಗುತ್ತದೆ. ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಇರಬಲ್ಲದು. ಮಳೆಯ ತಂಪು ತಾಗಿದ್ದೇ ತಡ, ಎಲ್ಲವೂ ಒಟ್ಟಿಗೆ ಏಳುತ್ತವೆ. ನಮಗೆ ಅದು ದಂಡು ಬಂದಂತೆ ಕಾಣುತ್ತದೆ, ಅಷ್ಟೇ. ಇನ್ನು ಇವುಗಳಲ್ಲಿ ಗಂಡು ಬೇರೆ ಹೆಣ್ಣು ಬೇರೆ ಎಂಬುದಿಲ್ಲ. ಪ್ರತಿಯೊಂದೂ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ನೂರಕ್ಕೂ ಮೇಲೆ, ವರ್ಷದಲ್ಲಿ ಹಲವು ಸಲ. ಹೋದ ವರ್ಷ ಹತ್ತು ಕಂಡು, ಇರಲಿ ಬಿಡು ಎಂದು ಸುಮ್ಮನಿದ್ದವರ ಹಿತ್ತಲಲ್ಲಿ ಈ ವರ್ಷ ಏನಾಗಿರಬೇಕು, ನೀವೇ ಲೆಕ್ಕ ಹಾಕಿ.

ಹೆಸರಿನ ಮಾತು ಒಂದಿದೆ. ಕೊಂಬಿನಂಥ ಮೀಸೆ ನೋಡಿ ನಾವು ಇದನ್ನು ಬಸವ ಎಂದೆವು. ನಿಪ್ಪಾಣಿ, ಕಾಗವಾಡದ ಮರಾಠಿ ಮನೆಗಳಲ್ಲಿ ಇದು ಗೋಗಲಗಾಯ, ಅಂದರೆ ಆಕಳು! ನಮಗೆ ಎತ್ತು, ಅವರಿಗೆ ಆಕಳು. ಆದರೆ ಮರಾಠಿಯವರು ಒಂದು ಗಾದೆಯನ್ನೂ ಕಟ್ಟಿದ್ದಾರೆ. ಗೋಗಲಗಾಯ, ಪೋಟಾತ ಪಾಯ. ಹೊಟ್ಟೆಯಲ್ಲೇ ಕಾಲಿಟ್ಟುಕೊಂಡದ್ದು, ನೋಡಲು ಸಾಧು, ಒಳಗೆ ಬೇರೆ ಎಂದರ್ಥ. ಈ ದೊಡ್ಡ ಹುಳುವಿನ ಮಟ್ಟಿಗೆ ಗಾದೆ ಅಕ್ಷರಶಃ ನಿಜ.

ದೊಡ್ಡ ಹುಳು ಎಂದು ಬೇರೆಯಾಗಿ ಹೇಳುವುದಕ್ಕೆ ಕಾರಣವಿದೆ. ಬೆರಳುಗುರಿನಷ್ಟು ಚಿಕ್ಕ ಬಸವನ ಹುಳುಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಕೊಳೆತ ಎಲೆ ತಿಂದುಕೊಂಡು ತಮ್ಮ ಪಾಡಿಗೆ ಇರುತ್ತವೆ. ಅವಕ್ಕೆ ಹೆದರಬೇಕಾಗಿಲ್ಲ. ಉದ್ದನೆಯ ಶಂಖದಂಥ, ಕಂದು ಪಟ್ಟೆಯ ಚಿಪ್ಪಿನ ಇದು ಆಫ್ರಿಕಾದ ಪೂರ್ವ ಕರಾವಳಿಯದು. 1847ರಲ್ಲಿ ಬೆನ್ಸನ್ ಎಂಬ ಇಂಗ್ಲಿಷ್ ದೊರೆ ಮಾರಿಷಸ್ಸಿನಿಂದ ತಂದು ಕಲಕತ್ತೆಯ ತೋಟದಲ್ಲಿ ಬಿಡಿಸಿದನಂತೆ. ಚಿಪ್ಪುಗಳ ಶೋಕಿ ಅವನಿಗೆ. ಅಲ್ಲಿಂದ ಗಿಡದ ಕುಂಡ, ಮಣ್ಣು, ಮರಳು, ಗೊಬ್ಬರಗಳ ಜೊತೆ ಊರೂರು ತಿರುಗಿತು. ಅಮೆರಿಕದ ಮಿಯಾಮಿ ಪಟ್ಟಣದ ಕಥೆ ಇನ್ನೂ ಸ್ವಾರಸ್ಯ. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರೇ ಮೂರು ಹುಳು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. ಏಳು ವರ್ಷದಲ್ಲಿ ಅವು ಹದಿನೆಂಟು ಸಾವಿರ ದಾಟಿದವು. ಅವನ್ನು ಅಲ್ಲಿಂದ ತೆಗೆಯಲು ಸರಕಾರಕ್ಕೆ ಹತ್ತು ಲಕ್ಷ ಡಾಲರು ಹಿಡಿಯಿತು. ಪಾಪ, ಆ ಅಜ್ಜಿಯೂ ಜೀವ ಉಳಿಯಲಿ ಎಂದೇ ಬಿಟ್ಟಿರಬೇಕು.

ದೂರದ ಮಾತು ಬಿಡಿ. 2022ರ ಜುಲೈಯಲ್ಲಿ ಮಹಾರಾಷ್ಟ್ರದ ಲಾತೂರ, ಬೀಡ, ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಆಗತಾನೆ ಮೊಳೆತ ಸೋಯಾಬೀನನ್ನು ಬಸವನ ಹುಳು ಮೇಯ್ದುಬಿಟ್ಟವು. ರೈತರು ಎರಡನೆಯ ಸಲ ಬಿತ್ತಬೇಕಾಯಿತು. ನಮ್ಮ ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟದವರಿಗೂ ಇದರ ಕಾಟ ತಪ್ಪಿಲ್ಲ. ಚಿಕ್ಕೋಡಿ, ನಿಪ್ಪಾಣಿ ಸೀಮೆಯಲ್ಲಿ ಮುಂಗಾರಿಗೆ ಸೋಯಾಬೀನ, ವರ್ಷವಿಡೀ ಕಬ್ಬು. ಕಬ್ಬಿನ ಗದ್ದೆಯ ತಂಪು ಮತ್ತು ರವದಿಯ ಹಾಸು ಈ ಹುಳುವಿಗೆ ತವರುಮನೆ ಇದ್ದಂತೆ. ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದರೆ ನೀರಿನೊಡನೆ ತೇಲಿ ಬರುವ ಕಸ ಕಡ್ಡಿಯಲ್ಲೂ ಇವು ಇರುತ್ತವೆ. ಆದ್ದರಿಂದ ನಿಮ್ಮ ಹಿತ್ತಲಿನ ಹತ್ತು ಹುಳು ನಿಮ್ಮ ಹಿತ್ತಲಿನದಷ್ಟೇ ಅಲ್ಲ ಎಂಬುದು ನೆನಪಿರಲಿ.

ಈಗ ಅಡಿಗೆಮನೆಗೆ ಬರುತ್ತೇನೆ. ಗಿಡ ಹೋದರೆ ಇನ್ನೊಂದು ನೆಡಬಹುದು, ನನಗೆ ಚಿಂತೆ ಇರುವುದು ಇಲ್ಲಿ. ಇಲಿಯ ಶ್ವಾಸಕೋಶದಲ್ಲಿ ಬದುಕುವ ಒಂದು ಸಣ್ಣ ಜಂತು ಇದೆ. ಇಲಿಯ ಹಿಕ್ಕೆ ತಿಂದ ಬಸವನ ಹುಳುವಿನ ಮೈಯೊಳಗೆ ಅದರ ಮರಿಗಳು ಸೇರಿಕೊಳ್ಳುತ್ತವೆ. ಸೊಪ್ಪಿನ ಮಡಿಕೆಯಲ್ಲಿ ಅಡಗಿದ ಎಳೆಯ ಮರಿಹುಳು ಹಸಿಯಾಗಿ ನಮ್ಮ ಹೊಟ್ಟೆಗೆ ಹೋದರೆ ಆ ಜಂತು ಮಿದುಳಿನ ಪೊರೆಗೆ ಹತ್ತಿ ಬಾವು ತರಬಹುದು. ವಿಪರೀತ ತಲೆನೋವು, ಕತ್ತು ಬಿಗಿಯುವುದು, ವಾಂತಿ, ಮೈ ಮೇಲೆ ಸೂಜಿ ಚುಚ್ಚಿದಂತಾಗುವುದು ಇದರ ಲಕ್ಷಣ. ತೀರ ವಿರಳವಾದ ರೋಗ, ನಿಜ. ಆದರೆ ನಮ್ಮ ದೇಶದಲ್ಲೂ ಆದದ್ದುಂಟು. ನಮ್ಮ ಊಟ ನೋಡಿ. ಬಿಸಿ ರೊಟ್ಟಿಯ ಜೊತೆ ಹಸಿ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ಸೊಪ್ಪು ಇಲ್ಲದೆ ತುತ್ತು ಇಳಿಯುವುದಿಲ್ಲ. ಬೇಸಿಗೆ, ಚಳಿಗಾಲದಲ್ಲಿ ಚೆನ್ನಾಗಿ ತೊಳೆದು ಧಾರಾಳವಾಗಿ ತಿನ್ನಿ. ಹುಳು ಓಡಾಡುವ ಹಿತ್ತಲಿನ ಸೊಪ್ಪನ್ನು ಮಾತ್ರ ಮಳೆಗಾಲದಲ್ಲಿ ಹಸಿಯಾಗಿ ಬೇಡ. ಕಟ್ಟು ಬಿಚ್ಚಿ, ಎಲೆ ಎಲೆಯಾಗಿ ಬಿಡಿಸಿ, ಸುರಿಯುವ ನೀರಿನಲ್ಲಿ ಎರಡೂ ಮಗ್ಗುಲು ತೊಳೆದು, ಬೇಯಿಸಿ ಪಲ್ಯವನ್ನೋ ಬೇಳೆಯನ್ನೋ ಮಾಡಿ. ಬೆಂದರೆ ಭಯವಿಲ್ಲ. ಉಪ್ಪು ನೀರಿನಲ್ಲಿ ಅದ್ದಿ ತೆಗೆದರೆ ಸಾಕೆಂದು ಕೆಲವರು ನಂಬಿದ್ದಾರೆ, ಅದನ್ನು ನೆಚ್ಚಬೇಡಿ. ಮಕ್ಕಳಿಗೆ ಈ ಹುಳು ಎಂದರೆ ಬಲು ಇಷ್ಟ. ಅಂಗೈಯಲ್ಲಿಟ್ಟು ಕೊಂಬು ನೋಡುತ್ತಾ ಕೂಡುತ್ತಾರೆ. ನೋಡಲಿ, ಮುಟ್ಟುವುದು ಬೇಡ. ಮುಟ್ಟಿದ್ದರೆ ಸಾಬೂನು ಹಚ್ಚಿ ಕೈ ತೊಳೆಸಿ.

ಇನ್ನು ಓಡಿಸುವ ಕೆಲಸ. ಇದಕ್ಕೆ ಕೈಯಿಂದ ಆರಿಸುವುದಕ್ಕಿಂತ ಮೇಲಾದ ಔಷಧ ಇನ್ನೂ ಬಂದಿಲ್ಲ. ಹುಳು ಬರುವುದು ಕತ್ತಲಾದ ಮೇಲೆ. ಸಂಜೆ ಒಂದು ಹಳೆಯ ಗೋಣಿಚೀಲ ನೆನೆಸಿ ಮಡಿಯ ಬದಿಗೆ ಹಾಸಿ, ಅದರ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಹೊರ ಎಲೆ, ಸೌತೆ ಸಿಪ್ಪೆ ಇಡಿ. ಬೆಳಗ್ಗೆ ಬಿಸಿಲೇರುವ ಮೊದಲು ಚೀಲ ಎತ್ತಿದರೆ ಎಲ್ಲ ಅಲ್ಲೇ ಸಭೆ ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಆರಿಸಿ. ಗಟ್ಟಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿದರೆ ಸಾಯುತ್ತವೆ. ಸತ್ತದ್ದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ತಿಪ್ಪೆಗೆ ಎಸೆಯಬೇಡಿ. ಆ ಉಪ್ಪು ನೀರನ್ನು ಗಿಡದ ಬುಡಕ್ಕಂತೂ ಚೆಲ್ಲಲೇಬಾರದು. ಹುಳುವಿನ ಮೇಲೆ ಉಪ್ಪು ಎರಚಲು ಹೋಗಿ ಮಡಿಯನ್ನೇ ಚೌಳು ಮಾಡಿಕೊಂಡವರಿದ್ದಾರೆ. ದಿನಕ್ಕೊಮ್ಮೆ ಹೀಗೆ ಹದಿನೈದು ದಿನ ಮಾಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿ ಮಾಡಿದರೆ ಮಾತ್ರ ಫಲ. ನಿಮ್ಮದೊಂದೇ ಹಿತ್ತಲು ಚೊಕ್ಕಟವಾದರೆ ಮರುವಾರ ನೆಂಟರು ಬಂದೇ ಬರುತ್ತಾರೆ.

ಒಣಗಿದ ಸುಣ್ಣದ ಪುಡಿಯನ್ನು ಮಡಿಯ ಸುತ್ತ ಗೆರೆಯಾಗಿ ಹಾಕಿದರೆ ದಾಟುವುದಿಲ್ಲ, ಮೈ ಉರಿಯುತ್ತದೆ. ಆದರೆ ಒಂದು ಮಳೆ ಬಿದ್ದರೆ ಆ ಗೆರೆ ವ್ಯರ್ಥ. ಬೂದಿಯದೂ ಅದೇ ಕಥೆ. ಮತ್ತೆ ಸುಣ್ಣ ಹಚ್ಚಿದ ಗೋಡೆಯನ್ನು ಇವು ನೆಕ್ಕುತ್ತಾ ಕೂಡುವುದೇಕೆ ಎನ್ನುವಿರಾ? ಚಿಪ್ಪು ಬೆಳೆಯಬೇಕಲ್ಲ, ಅದಕ್ಕೆ ಸುಣ್ಣದಂಶ ಬೇಕು. ಒಣ ಪುಡಿ ಮೈಗೆ ಹತ್ತಿದರೆ ಉರಿ, ಗೋಡೆಯಲ್ಲಿದ್ದರೆ ಆಹಾರ.

ನಿಪ್ಪಾಣಿಯವರು ತಂಬಾಕಿನ ಮಾತು ಎತ್ತದೆ ಬಿಡುವುದಿಲ್ಲ. 25 ಗ್ರಾಂ ತಂಬಾಕನ್ನು ಒಂದೂವರೆ ಲೀಟರು ನೀರಿನಲ್ಲಿ ಕುದಿಸಿ ಸೋಸಿ, ಬೇರೆ ಒಂದು ಲೀಟರಿನಲ್ಲಿ ಕರಗಿಸಿದ 60 ಗ್ರಾಂ ಮೈಲುತುತ್ತದ ಜೊತೆ ಸೇರಿಸಿ ಸಿಂಪಡಿಸುವ ಪದ್ಧತಿ ಕೇರಳದಲ್ಲಿದೆ. ಕಾಂಪೌಂಡಿನ ಗೋಡೆಗೆ, ಕಲ್ಲಿನ ರಾಶಿಗೆ ಸರಿ. ತಿನ್ನುವ ಸೊಪ್ಪಿಗೆ ಬೇಡವೇ ಬೇಡ, ಎರಡೂ ವಿಷ. ಟೊಮೇಟೊ, ಮೆಣಸಿನ ಗಿಡದ ಹತ್ತಿರ ಹಸಿ ತಂಬಾಕಿನ ಪುಡಿಯನ್ನೂ ಒಯ್ಯಬೇಡಿ. ತಂಬಾಕಿನ ಮೊಸಾಯಿಕ್ ರೋಗ ಅವಕ್ಕೂ ಹತ್ತುತ್ತದೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಯ ವಿಷಯದಲ್ಲಿ ನನ್ನದು ಕಟುವಾದ ಅಭಿಪ್ರಾಯ. ಅದು ಹೊಲದವರ ಕೈಗೆ, ಅದೂ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಂಡ ಮೇಲೆ. ಕೂಸು ಅಂಬೆಗಾಲಿಡುವ, ಕರು ಕಟ್ಟಿದ, ಕೋಳಿ ಕೆದರುವ ಹಿತ್ತಲಿಗೆ ಅಲ್ಲ. ನಾಯಿ ಅದನ್ನು ತಿಂಡಿ ಎಂದೇ ತಿನ್ನುತ್ತದೆ. ಬ್ರಿಟನ್ನಿನಲ್ಲಿ 2022ರಿಂದ ಹೊರಾಂಗಣದಲ್ಲಿ ಅದನ್ನು ಬಳಸುವಂತೆಯೇ ಇಲ್ಲ. ಹೊಟ್ಟು ಬೆಲ್ಲಕ್ಕೆ ಕೀಟನಾಶಕ ಕಲಸಿ ಇಡುವುದೂ ಅಷ್ಟೇ ಅಪಾಯ. ಬೆಲ್ಲದ ವಾಸನೆಗೆ ಬಸವನ ಹುಳುವಿಗಿಂತ ಮೊದಲು ಕರು ಬರುತ್ತದೆ.

ಈಗ ಅತ್ತೆಯವರ ವ್ರತದ ಪ್ರಶ್ನೆ. ಇದನ್ನು ನಗುವ ಮಾತಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಸದಲಗಾ, ವಿದ್ಯಾನಂದ ಮುನಿಗಳು 1925ರಲ್ಲಿ ಹುಟ್ಟಿದ ಶೇಡಬಾಳ ಇರುವ ಸೀಮೆ ನಮ್ಮದು. ಜೈನರ ಮನೆಯಷ್ಟೇ ಅಲ್ಲ, ಶ್ರಾವಣ ಸೋಮವಾರ ಬಸವನ ಹೆಸರಿನ ಜೀವಿಯ ಮೇಲೆ ಉಪ್ಪು ಹಾಕಲು ಕೈ ಬಾರದ ಎಷ್ಟೋ ತಾಯಂದಿರು ಇದ್ದಾರೆ. ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದು ಏನು? ಕಸದ ಮರದಲ್ಲಿ ತುಂಬಿ ಗೋಡೆಯಾಚೆ ಸುರಿಯುವುದು, ಇಲ್ಲವೇ ಹಳ್ಳಕ್ಕೆ, ಹೊಲದ ಬದುವಿಗೆ ಬಿಟ್ಟು ಬರುವುದು. ಇದು ಮಾತ್ರ ಸಲ್ಲದು. ಅಲ್ಲಿ ಅವು ಬದುಕುತ್ತವೆ, ನೂರಾಗುತ್ತವೆ, ಬದುವಿನಾಚೆಯವನ ಸೋಯಾಬೀನ ಮೇಯುತ್ತವೆ. ಆಮೇಲೆ ಆತ ವಿಷ ಸುರಿಯುತ್ತಾನೆ. ಒಂದರ ಬದಲು ನೂರು ಜೀವ ಹೋಯಿತಲ್ಲ!

ಅತ್ತೆಯವರ ಕಣ್ಣು ತಪ್ಪಿಸಿ ಉಪ್ಪು ಹಾಕುವ ಉಪಾಯವನ್ನೂ ನಾನು ಹೇಳಲಾರೆ. ಮನೆಯಲ್ಲಿ ಒಂದು ಮುಚ್ಚುಮರೆ ಶುರುವಾದರೆ ಅದು ಹುಳುವಿನ ಹತ್ತಿರವೇ ನಿಲ್ಲುವುದಿಲ್ಲ. ಅವರ ಹತ್ತಿರವೇ ಕೂತು ಕೇಳಿ. ನಾಲ್ಕು ತಿಂಗಳು ಎಲೆಪಲ್ಯ ತಿನ್ನಬಾರದು, ಎಲೆಯಲ್ಲಿ ಜೀವ ಇರುತ್ತದೆ ಎಂದು ಹಿರಿಯರು ಮಾಡಿದ ಕಟ್ಟಳೆ ಅವರಿಗೆ ಚೆನ್ನಾಗಿ ಗೊತ್ತು. ನೋಡಿ, ಅತ್ತೆಯವರ ವ್ರತವೂ ಮೇಲೆ ನಾನು ಹೇಳಿದ ಜಂತುವಿನ ಎಚ್ಚರಿಕೆಯೂ ಒಂದೇ ಕಡೆ ಬಂದು ನಿಂತವು! ಹಾಗಾದರೆ ಮಳೆಗಾಲದಲ್ಲಿ ಸೊಪ್ಪಿನ ಮಡಿಯನ್ನೇ ಖಾಲಿ ಬಿಡಿ. ಹುಳುವಿಗೆ ಮೇವು ಕಡಿಮೆಯಾಗುತ್ತದೆ. ಬದನೆ, ಮೆಣಸು, ಹೀರೆಯ ಸಸಿಯನ್ನು ಕಟ್ಟೆಯ ಮೇಲಿನ ಕುಂಡದಲ್ಲಿ ಗೇಣುದ್ದ ಬೆಳೆಸಿ ಆಮೇಲೆ ನೆಲಕ್ಕೆ ಹಾಕಿ. ಇವು ಮುಗಿಸುವುದು ಎಳೆಯ ಸಸಿಯನ್ನು, ಬಲಿತ ಗಿಡ ತಾಳಿಕೊಳ್ಳುತ್ತದೆ. ಸಂಜೆ ನೀರು ಹಾಕುವ ರೂಢಿ ಬಿಟ್ಟು ಬೆಳಗ್ಗೆ ಹಾಕಿ, ರಾತ್ರಿ ನೆಲ ಒಣಗಿರಲಿ. ಬಚ್ಚಲ ನೀರು ಹರಡಿ ನಿಲ್ಲದಂತೆ ಕಾಲುವೆ ತೆಗೆಸಿ. ಇಟ್ಟಿಗೆ, ಹಂಚು, ಕಟ್ಟಿಗೆಯ ರಾಶಿಯನ್ನು ಗಿಡಗಳಿಂದ ದೂರ ಇಡಿ. ಇಷ್ಟಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲ. ಹುಳು ಒಂದೇ ದಿನಕ್ಕೆ ಹೋಗುವುದಿಲ್ಲ, ಕ್ರಮೇಣ ಕಡಿಮೆಯಾಗುತ್ತದೆ. ಇಷ್ಟು ಮಾಡಿಯೂ ಹಿತ್ತಲು ತುಂಬಿದ್ದರೆ, ಕೂಸು ಆಡುವ ಜಾಗವಾಗಿದ್ದರೆ, ಆರಿಸಿ ಕೊಲ್ಲುವುದೇ ಸರಿ ಎಂದು ನಾನಂತೂ ಹೇಳುತ್ತೇನೆ. ಅದನ್ನು ವ್ರತ ಹಿಡಿಯದವರು ಮಾಡಲಿ, ಅವರಿಗೆ ತಿಳಿಸಿಯೇ ಮಾಡಲಿ.

ಹಿತ್ತಲಿನ ಮರದಲ್ಲಿ ಕೆಂಬೂತ ಕೂಗುತ್ತಿದ್ದರೆ ಅದನ್ನು ಕಲ್ಲೆಸೆದು ಓಡಿಸಬೇಡಿ. ಅಪಶಕುನವೂ ಅಲ್ಲ, ಏನೂ ಅಲ್ಲ. ಬಸವನ ಹುಳು ಅದಕ್ಕೆ ಇಷ್ಟದ ಊಟ.

ಮಳೆ ನಿಂತ ಮೇಲೆ, ದೀಪಾವಳಿಯ ಸುತ್ತ, ಒಂದು ಕೆಲಸ ಬಾಕಿ ಇದೆ. ಕುರ್ಪಿ ತೆಗೆದುಕೊಂಡು ಮಡಿಗಳ ಅಂಚು, ಬಾಳೆಯ ಬುಡ, ಕಲ್ಲಿನ ಸಂದಿ ಕೆದಕಿ ನೋಡಿ. ಸಾಬೂದಾಣಿಯಂಥ, ಅದಕ್ಕಿಂತ ತುಸು ಹಳದಿ ಬಣ್ಣದ ಕಾಳುಗಳ ಗುಂಪು ಸಿಕ್ಕರೆ ಅವೇ ಮೊಟ್ಟೆ. ನರ್ಸರಿಯಿಂದ ಗಿಡ ತರುವಾಗಲೂ ಕುಂಡದ ತಳ ಎತ್ತಿ, ಮೇಲಿನ ಮಣ್ಣನ್ನು ಬೆರಳಿನಿಂದ ಸರಿಸಿ, ಅಂಗಡಿಯವರ ಎದುರೇ ನೋಡಿ ತನ್ನಿ. ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಚಿಂತೆಯಿಲ್ಲ.