ಸೂರು ಮಾಲೀಕರದು, ಸುಡುವುದು ಬಾಡಿಗೆದಾರರಿಗೆ!

ದಾವಣಗೆರೆ: ಏಪ್ರಿಲ್ ಬಂತೆಂದರೆ ಈ ಊರಿನ ಮೇಲ್ಮಹಡಿಯ ಬಾಡಿಗೆ ಮನೆಗಳು ಕಾದ ಹಂಚು. ಬೆಣ್ಣೆದೋಸೆಗೆ ಬೇರೆ ಒಲೆ ಹಚ್ಚಬೇಕಿಲ್ಲ, ತಾರಸಿಯ ಮೇಲೇ ಹುಯ್ಯಬಹುದು! ನಿಟುವಳ್ಳಿ, ವಿನೋಬನಗರ, ಕೆ.ಟಿ.ಜೆ. ನಗರದ ಓಣಿಗಳಲ್ಲಿ ಒಳಗೆ ಮಲಗಲಾರದೆ ಜನ ಚಾಪೆ ಹಿಡಿದು ಹೊರಗೆ ಬರುತ್ತಾರೆ. ಒಳಗೆ ಮುದಿ ಫ್ಯಾನು ಗರಗರ ಅಂತ ಬಿಸಿಗಾಳಿಯನ್ನೇ ಕಡೆಯುತ್ತಿರುತ್ತದೆ. ಅದಕ್ಕಿಂತ ಜೋರಾಗಿ ಓಡುವುದು ಮೀಟರು ಮಾತ್ರ.

‘ಗೃಹಜ್ಯೋತಿ ಇದೆಯಲ್ಲ, ಇನ್ನೇನು ಬೇಕು?’ ಎಂದು ಕೇಳುವವರಿದ್ದಾರೆ. ಇದೆ ಸ್ವಾಮಿ. 2023ರ ಜುಲೈನಿಂದ ಬಾಡಿಗೆದಾರರಿಗೂ ಸಿಕ್ಕಿದೆ, ಉಪಕಾರವೂ ಆಗಿದೆ. ಆದರೆ ಹಳೇ ಬಳಕೆಯ ಸರಾಸರಿ ನೋಡಿ ಪ್ರತಿ ಮನೆಗೂ ಒಂದು ಮಿತಿ ಕಟ್ಟಿದ್ದಾರೆ. ಮಿತಿ ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ಇಡೀ ಬಿಲ್ಲೇ ತಲೆಗೆ ಬೀಳುತ್ತದೆ. ಬೇಸಿಗೆಯಲ್ಲಿ ಈ ಗೆರೆ ದಾಟಿಸುವುದು ಯಾವುದು? ಎಷ್ಟೋ ಕಡೆ ಬಾಡಿಗೆದಾರನ ಶೋಕಿಯಲ್ಲ, ಮಾಲೀಕನ ಮನೆ.

ಲೆಕ್ಕ ನೋಡಿ

ಹಳೇ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ 12 ತಾಸು ತಿರುಗಿದರೆ ಫ್ಯಾನೊಂದಕ್ಕೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮೂರು ಫ್ಯಾನಿಗೆ 48. ಇನ್ನು 2000 ವ್ಯಾಟಿನ ಗೀಸರ್ ದಿನಕ್ಕೊಂದು ತಾಸು ಉರಿದರೆ ತಿಂಗಳಿಗೆ 60 ಯೂನಿಟ್. ತಾರಸಿಯ ಮೇಲೆ ಸೋಲಾರ್ ಹೀಟರ್ ಇದ್ದರೆ ಬಹುಪಾಲು ಅದೂ ಉಳಿಯಿತು. ತಾರಸಿಗೆ ಬಿಳಿ ಸುಣ್ಣ ಬಳಿದರೆ ಒಳಗಿನ ಧಗೆಯೂ ತಗ್ಗುತ್ತದೆ.

ಹಾಗಾದರೆ ಯಾಕೆ ಹಾಕಿಸುವುದಿಲ್ಲ? ‘ಸಾವ್ಕಾರ್ರೇ, ಒಂದು ಸೋಲಾರ್ ಹಾಕಿಸ್ರಿ’ ಎಂದರೆ ಬರುವ ಉತ್ತರ ಊರಿಗೆಲ್ಲ ಗೊತ್ತು: ‘ಬಿಲ್ ಕಟ್ಟೋರು ನೀವು, ನಾನ್ಯಾಕೆ ಹಾಕಿಸ್ಲಿ? ಬೇಕಿದ್ರೆ ನೀವೇ ಹಾಕಿಸ್ಕೊಳ್ರಿ.’ ಹನ್ನೊಂದು ತಿಂಗಳ ಕರಾರಿನವನು ಬೇರೆಯವರ ತಾರಸಿಗೆ ಸಾವಿರಾರು ರೂಪಾಯಿ ಸುರಿಯುತ್ತಾನೆಯೇ? ಮಾಲೀಕನ ಮಾತನ್ನೂ ತೆಗೆದುಹಾಕುವಂತಿಲ್ಲ. ಖರ್ಚು ಅವನದು, ಉಳಿತಾಯ ಇನ್ನೊಬ್ಬರದು. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಆಗಲು ಯಾರಿಗೆ ಮನಸ್ಸು?

ತೆರಿಗೆ ಕಾನೂನೂ ಅವನ ಬೆನ್ನು ತಟ್ಟುವುದಿಲ್ಲ. ಪಾಲಿಕೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ರಿಪೇರಿ ಇತ್ಯಾದಿಗೆಂದು ಶೇ. 30ನ್ನು ಆದಾಯ ತೆರಿಗೆಯವರು ಬಿಟ್ಟುಕೊಡುತ್ತಾರೆ. ಮನೆಗೆ ಒಂದು ಮೊಳೆ ಹೊಡೆಯದವನಿಗೂ ಅಷ್ಟೇ, ಸೋಲಾರ್ ಹಾಕಿಸಿದವನಿಗೂ ಅಷ್ಟೇ! ಹಾಗಿದ್ದ ಮೇಲೆ ಮೊಳೆ ಹೊಡೆಯದವನೇ ಜಾಣ.

ಮೊದಲು ಬೆಲ್ಲ, ಆಮೇಲೆ ಬೆತ್ತ

ಬ್ರಿಟನ್ನಿನಲ್ಲಿ 2004ರಿಂದ 2015ರವರೆಗೆ ಈ ಗಂಟನ್ನು ಬಿಡಿಸಲು ಒಂದು ಯತ್ನ ನಡೆದಿತ್ತು. ಬಾಡಿಗೆ ಮನೆಯ ಮಾಡು, ಗೋಡೆಗಳಿಗೆ ಶಾಖ ಸೋರದಂತೆ ಹೊದಿಕೆ ಹಾಕಿಸಿದ ಮಾಲೀಕ, ಆ ಖರ್ಚನ್ನು 1,500 ಪೌಂಡ್‌ವರೆಗೆ ಬಾಡಿಗೆ ಆದಾಯದಿಂದ ಕಳೆದು ಉಳಿದಿದ್ದಕ್ಕಷ್ಟೇ ತೆರಿಗೆ ಕಟ್ಟಬಹುದಿತ್ತು. 2018ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೆತ್ತವೂ ಬಂತು. ಇಂಧನ ದರ್ಜೆಯಲ್ಲಿ ತೀರಾ ಕೆಳಗಿರುವ ಮನೆಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ ಎಂದಾಯಿತು.

ನಮ್ಮಲ್ಲಿ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಲಾಭ ದೊಡ್ಡ ಕುಳಗಳಿಗೇ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಮೇಲೊಂದು, ಕೆಳಗೊಂದು ಮನೆ ಕಟ್ಟಿ ಪಿಂಚಣಿ ಜೊತೆ ಬಾಡಿಗೆ ಎಣಿಸುವ ನಿವೃತ್ತ ಮೇಷ್ಟ್ರಿಗೆ ಅದರಿಂದ ಏನು ಬಂತು? ಆದರೆ ಪಾಲಿಕೆಯ ಮನೆ ಕಂದಾಯ ಅವರಿಗೂ ತಪ್ಪಿದ್ದಲ್ಲ. ರಿಯಾಯಿತಿ ಸಿಗಬೇಕಾದದ್ದು ಅಲ್ಲೇ.

ಇದೇನು ಆಕಾಶದಿಂದ ಇಳಿದ ವಿಚಾರವಲ್ಲ. ಪುಣೆಯ ಪಾಲಿಕೆ ಸೋಲಾರ್, ಮಳೆನೀರು ಕೊಯ್ಲಿನಂಥ ವ್ಯವಸ್ಥೆ ಮಾಡಿಕೊಂಡವರಿಗೆ ಕಂದಾಯದಲ್ಲಿ ಶೇ. 5ರಿಂದ 10 ರಿಯಾಯಿತಿ ಕೊಟ್ಟು ತೋರಿಸಿದೆ. ನಮ್ಮ ರಾಜ್ಯದಲ್ಲೂ ವರ್ಷದ ಆರಂಭದಲ್ಲೇ ಕಂದಾಯ ಕಟ್ಟಿದವರಿಗೆ ಶೇ. 5 ಬಿಡುವ ರೂಢಿಯಿದೆ. ಬೇಗ ದುಡ್ಡು ಕಟ್ಟಿದವನಿಗೆ ಉಂಟು, ಬಾಡಿಗೆದಾರನನ್ನು ಬಿಸಿಲಿನಿಂದ ಕಾಪಾಡಿದವನಿಗೆ ಯಾಕಿಲ್ಲ?

‘ಪಾಲಿಕೆ ಬೊಕ್ಕಸ ಬರಿದಾಗುತ್ತದೆ’ ಎಂಬ ರಾಗ ಬರುತ್ತದೆ. ಮೂರು ವರ್ಷಕ್ಕೆ ಮಾತ್ರ ಕೊಡಿ, ಬಿಲ್ಲು ನೋಡಿ ಕೊಡಿ, ತಾರಸಿ ಹತ್ತಿ ನೋಡಿದ ಮೇಲೆ ಕೊಡಿ. ‘ಮಾಲೀಕರು ರಿಯಾಯಿತಿಯನ್ನೂ ನುಂಗಿ ಬಾಡಿಗೆಯನ್ನೂ ಏರಿಸುತ್ತಾರೆ’ ಎಂಬ ಭಯ ಮಾತ್ರ ನಿಜವಾದದ್ದು. ಸೋಲಾರಿನ ನೆಪದಲ್ಲಿ ಬಾಡಿಗೆ ಏರಿಸುವುದಿಲ್ಲ ಎಂದು ಕರಾರಿನಲ್ಲೇ ಬರೆಸಿ, ಅದರ ನಕಲು ಪಾಲಿಕೆಗೆ ಬರಲಿ. ಮಾತು ಮುರಿದವನ ರಿಯಾಯಿತಿ ವಾಪಸ್. ಇಷ್ಟಾದ ಮೇಲೂ ಕೆಲವರು ಕಳ್ಳದಾರಿ ಹುಡುಕುತ್ತಾರೆ. ಕಳ್ಳರಿದ್ದಾರೆಂದು ಊರಿನವರೆಲ್ಲ ಬಾಗಿಲಿಲ್ಲದ ಮನೆ ಕಟ್ಟುತ್ತಾರೆಯೇ?

2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಯ ಮೊದಲ ಇಪ್ಪತ್ತರಲ್ಲಿ ಹೆಸರು ಬರೆಸಿಕೊಂಡ ಊರು ಇದು. ರಸ್ತೆ, ದೀಪ, ಫಲಕಗಳಿಗಷ್ಟೇ ಜಾಣತನ ಸಾಕೇ? ಪಾಲಿಕೆ ಒಂದು ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಲಿ. ಮುಂದಿನ ಏಪ್ರಿಲ್‌ಗೆ ಮೊದಲು ಸಂಬಂಧಪಟ್ಟವರು ಇತ್ತ ಕಣ್ಣು ತೆರೆಯುವರೇ? ಇಲ್ಲವೆಂದರೆ ಒಂದು ಕೆಲಸ ಮಾಡಲಿ: ಯಾವುದಾದರೂ ಮೇಲ್ಮಹಡಿಯ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ ಕೂತು, ಕಡತ ಅಲ್ಲೇ ನೋಡಲಿ.