ಮನೆಯ ಮಾತ್ರೆ, ಬೆಕ್ಕಿಗೆ ವಿಷ

ಬೆಕ್ಕು ಮೈ ಬಿಸಿಯಾಗಿ ಮೂಲೆಯಲ್ಲಿ ಮುದುಡಿ ಮಲಗಿದರೆ ಮನೆಯವರ ಕೈ ಮೊದಲು ಹೋಗುವುದು ಮಾತ್ರೆಯ ಡಬ್ಬಿಗೆ. ಪ್ಯಾರಾಸಿಟಮಾಲ್ ಮಕ್ಕಳಿಗೇ ಕೊಡುವ ಔಷಧ, ಕಾಲು ಭಾಗ ಮುರಿದು ಹಾಲಿನಲ್ಲಿ ಕಲಸಿ ಕೊಟ್ಟರೆ ಏನಾದೀತು ಎಂಬ ಲೆಕ್ಕಾಚಾರ. ಆದರೆ ಅದನ್ನು ಅರಗಿಸಿ ಹೊರಹಾಕಲು ಬೇಕಾದ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನಾಯಿಗೆ ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು, ಪ್ರಮಾಣ ಹೆಚ್ಚಿದರೆ ಮೂತ್ರಪಿಂಡಕ್ಕೇ ಪೆಟ್ಟು. ಪ್ರೀತಿಯಿಂದ ಕೊಟ್ಟದ್ದೇ ಕೊಲ್ಲುತ್ತದೆ ಎಂಬುದು ಇಲ್ಲಿನ ಸಂಕಟ.

ಸಾಕುಪ್ರಾಣಿಗಳ ಪ್ರಥಮ ಚಿಕಿತ್ಸೆಯಲ್ಲಿ ಏನು ಮಾಡಬಾರದು ಎಂದು ತಿಳಿಯುವುದೇ ಅರ್ಧ ಕೆಲಸ. ಇಲಿ ಪಾಷಾಣ ತಿಂದ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರಿದ್ದಾರೆ. ರಕ್ತದಲ್ಲಿ ಉಪ್ಪು ವಿಪರೀತ ಏರಿದರೆ ಮಿದುಳಿಗೇ ಅಪಾಯ. ಬ್ರೊಮಾಡಿಯೊಲೋನ್ ಬಗೆಯ ವಿಷವಾದರಂತೂ ನಾಯಿ ಎರಡು ಮೂರು ದಿನ ಲವಲವಿಕೆಯಿಂದಲೇ ಓಡಾಡಿಕೊಂಡಿರುತ್ತದೆ, ಆಮೇಲೆ ಅದರ ಮೈಯೊಳಗೆ ರಕ್ತ ಸೋರತೊಡಗುತ್ತದೆ. ‘ಏನೂ ಆಗಿಲ್ಲವಲ್ಲ’ ಎಂದು ಕಾಯುವ ಆ ದಿನಗಳಲ್ಲೇ ವೈದ್ಯರು ವಿಟಮಿನ್ ಕೆ1 ಶುರು ಮಾಡಿದರೆ ಅದು ಬದುಕುವ ಸಾಧ್ಯತೆ ಹೆಚ್ಚು. ವಿಷದ ಪೊಟ್ಟಣವನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಮಲೆನಾಡಿನ ತೋಟದಲ್ಲಿ ಹಾವು ಕಚ್ಚಿದ ನಾಯಿಯ ಕಾಲಿಗೆ ಹಗ್ಗ ಬಿಗಿಯುವುದೂ ಗಾಯ ಕೊಯ್ಯುವುದೂ ತಪ್ಪು. ಅದನ್ನು ನಡೆಯಲು ಬಿಡದೆ ಎತ್ತಿಕೊಂಡೇ ಹೋಗಬೇಕು.

ಬಿಸಿಲಿನ ಹೊಡೆತದಲ್ಲಿ ಮಾತ್ರ ಕ್ರಮ ಬೇರೆ: ಮೊದಲು ನೀರು, ಆಮೇಲೆ ಆಸ್ಪತ್ರೆ. ನಾಯಿಯ ಸಹಜ ಉಷ್ಣಾಂಶ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೊಂಡು ಮೂಗಿನ ಪಗ್ ಸಾಕುವವರು ಇದನ್ನು ಅರಿಯಲೇಬೇಕು. ನೆರಳಿಗೆ ತಂದು ನಲ್ಲಿ ನೀರನ್ನು ಮೈಮೇಲೆ ಸುರಿಯುತ್ತ ಫ್ಯಾನ್ ಹಾಕಬೇಕು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. 103ಕ್ಕೆ ಇಳಿದಾಗ ನಿಲ್ಲಿಸಬೇಕು, ಇಲ್ಲದಿದ್ದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಥರ್ಮಾಮೀಟರ್, ಶುದ್ಧ ಬಟ್ಟೆ, ಬೆಕ್ಕನ್ನು ಒಯ್ಯಲು ಒಂದು ಬುಟ್ಟಿ ಇರಲಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ರೇಬಿಸ್ ಲಸಿಕೆಗೆ ಹೋಗಲೇಬೇಕು.

ಇಷ್ಟೆಲ್ಲ ಮಾಡಿ ರಾತ್ರಿ ಹನ್ನೊಂದಕ್ಕೆ ಹೋಗುವುದೆಲ್ಲಿಗೆ? ಬಹುಪಾಲು ಸರ್ಕಾರಿ ಪಶು ಆಸ್ಪತ್ರೆಗಳು ಸಂಜೆಗೇ ಬಾಗಿಲು ಹಾಕುತ್ತವೆ. 1962 ಸಹಾಯವಾಣಿಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ದನಕರುಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಬೆಂಗಳೂರಿನಲ್ಲಿ ಹಣವಿದ್ದವರಿಗೆ ದಿನವಿಡೀ ತೆರೆದಿರುವ ಖಾಸಗಿ ಕ್ಲಿನಿಕ್ ಸಿಕ್ಕೀತು. ಸಣ್ಣ ಊರಿನಲ್ಲಿ ಬೆಳಗಾಗುವವರೆಗೆ ಕಾಯುವುದೇ ಗತಿ. ಪ್ರತಿ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಗೆ ರಾತ್ರಿ ಪಾಳಿಯ ವೈದ್ಯರೊಬ್ಬರನ್ನು ಕೊಡುವುದು ದುಬಾರಿ ಬೇಡಿಕೆಯೇನಲ್ಲ.

ಅದಕ್ಕೂ ಮೊದಲು, ಖರ್ಚಿಲ್ಲದ ಒಂದು ಕೆಲಸವಿದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶುಪಾಲನಾ ಇಲಾಖೆಯ ಉಚಿತ ಲಸಿಕಾ ಶಿಬಿರಗಳಿಗೆ ಜನ ನಾಯಿ, ಬೆಕ್ಕುಗಳನ್ನು ಕರೆತರುತ್ತಾರೆ. ಸಾಲಿನಲ್ಲಿ ನಿಂತವರಿಗೆ ಪ್ಯಾರಾಸಿಟಮಾಲ್, ಇಲಿ ಪಾಷಾಣ, ಬಿಸಿಲಿನ ಬಗ್ಗೆ ಹತ್ತು ನಿಮಿಷ ತಿಳಿಸಿ, ರಾತ್ರಿ ಕರೆ ಮಾಡಬಹುದಾದ ವೈದ್ಯರ ಸಂಖ್ಯೆಯನ್ನು ಲಸಿಕೆಯ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಡಲು ಹೊಸ ಯೋಜನೆ, ಹೊಸ ಆದೇಶ ಯಾವುದೂ ಬೇಕಿಲ್ಲ.